ಕೂಗಿದ ಮಾತ್ರಕ್ಕೆ ನಂಬಬೇಡಿ!

ಕೆಲಸ ಹುಡುಕಿಕೊಂಡು ಬೆಂಗಳೂರಿಗೆ ಬಂದ ನಾವು ಮೂವರು ಗೆಳೆಯರು ಸೇರಿ ಚಿಕ್ಕದೊಂದು ಬಾಡಿಗೆ ಮನೆ ಹಿಡಿದಿದ್ದೆವು. ಬಾತ್‌ರೂಮಿನೊಳಗೇ ಗ್ಯಾಸ್ ಗೀಸರ್. ಚಳಿ ಗಾಳಿ ಬರುತ್ತದೆಂದು ಅಲ್ಲಿದ್ದ ಪುಟ್ಟ ಕಿಟಕಿಗೆ ರಟ್ಟು ಮುಚ್ಚಿದ್ದೆವು.

ಒಂದು ಬೆಳಿಗ್ಗೆ ಸ್ನಾನಕ್ಕೆ ಹೋದ ಗೆಳೆಯ ಎಷ್ಟು ಹೊತ್ತಾದರೂ ಹೊರಗೆ ಬರಲಿಲ್ಲ. ಕೂಗಿದರೆ ಉತ್ತರವಿಲ್ಲ. ಚಿಲಕ ಮುರಿದು ನೋಡಿದರೆ ಪ್ರಜ್ಞೆ ತಪ್ಪಿ ಬಿದ್ದಿದ್ದ. ಆಸ್ಪತ್ರೆಯಲ್ಲಿ ಆಮ್ಲಜನಕ ಕೊಟ್ಟ ಮೇಲೆ ಚೇತರಿಸಿಕೊಂಡ. ಕಾರಣ ಕಾರ್ಬನ್ ಮೊನಾಕ್ಸೈಡ್. ಗಾಳಿ ಸಾಲದೆ ಗ್ಯಾಸ್ ಅರೆಬರೆ ಉರಿದಾಗ ಹುಟ್ಟುವ ಅನಿಲ. ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್‌ಗೆ ಅಂಟಿಕೊಂಡು ಆಮ್ಲಜನಕಕ್ಕೆ ಜಾಗವೇ ಬಿಡುವುದಿಲ್ಲ.

ಹೆದರಿದ ನಾವು, ವಿದೇಶದಿಂದ ಮರಳಿದ್ದ ಸೀನಿಯರ್ ಒಬ್ಬರ ಬಳಿಯಿದ್ದ ಹಳೆಯ ಅಲಾರಂ ತಂದು ಗೋಡೆಗೆ ಹಾಕಿದೆವು. ಟೆಸ್ಟ್ ಬಟನ್ ಒತ್ತಿದರೆ ಕಿವಿ ತೂತಾಗುವಂತೆ ಕೂಗಿತು. ಅಬ್ಬಾ, ನೆಮ್ಮದಿ! ತಿಂಗಳು ಕಳೆಯುವಷ್ಟರಲ್ಲಿ ರಟ್ಟು ಮತ್ತೆ ಕಿಟಕಿಗೇರಿತ್ತು.

ಒಂದು ದಿನ ಧೂಳು ಒರೆಸಲು ಅಲಾರಂ ಇಳಿಸಿ ಅದರ ಬೆನ್ನು ನೋಡಿದೆ. 2019ರೊಳಗೆ ಬದಲಿಸಬೇಕೆಂದು ಬರೆದಿತ್ತು. ಎದೆ ಧಸಕ್ಕೆಂದಿತು. ಆಮೇಲೆ ಓದಿ ತಿಳಿದದ್ದಿಷ್ಟು: ಟೆಸ್ಟ್ ಬಟನ್ ಸಾಮಾನ್ಯವಾಗಿ ಬ್ಯಾಟರಿ, ಬಜರ್, ಸರ್ಕ್ಯೂಟ್ ಸರಿಯಿದೆಯೇ ಎಂದಷ್ಟೇ ತೋರಿಸುತ್ತದೆ. ಅನಿಲವನ್ನು ಗುರುತಿಸುವ ಸೆನ್ಸರ್‌ಗೆ ಬೇರೆಯೇ ಆಯಸ್ಸಿದೆ; ಮಾದರಿಗೆ ತಕ್ಕಂತೆ ಸುಮಾರು 5ರಿಂದ 10 ವರ್ಷ. ನಮ್ಮ ಅಲಾರಂಗೆ ಗಂಟಲಂತೂ ಇತ್ತು, ಮೂಗು ಉಳಿದಿತ್ತೋ ಇಲ್ಲವೋ!

ಹೊಸ ಅಲಾರಂ ಕೂಡ ಅನಿಲ ಸೋಕಿದೊಡನೆ ಕೂಗುವುದಿಲ್ಲ. ಯುರೋಪಿನ ಇಎನ್ 50291 ಮಾನದಂಡದ ಪ್ರಕಾರ, ಗಾಳಿಯ ಹತ್ತು ಲಕ್ಷ ಪಾಲಿನಲ್ಲಿ ಈ ಅನಿಲ 300 ಪಾಲಿದ್ದರೆ 3 ನಿಮಿಷದೊಳಗೆ ಕೂಗಬೇಕು. 50 ಪಾಲಿದ್ದರೆ 60ರಿಂದ 90 ನಿಮಿಷದ ನಡುವೆ. ಬಾತ್‌ರೂಮಿನ ಹಬೆಯೂ ಸೆನ್ಸರ್‌ಗೆ ಆಗಿಬರುವುದಿಲ್ಲ. ಹಾಗಾಗಿ ಅಲಾರಂ ಕೊನೆಯ ಕಾವಲುಗಾರ ಅಷ್ಟೇ. ಮೊದಲನೆಯದು ಗಾಳಿ.

ಮನೆ ಮಾಲೀಕರನ್ನು ಕಾಡಿ ಬೇಡಿ ಗೀಸರನ್ನೂ ಸಿಲಿಂಡರನ್ನೂ ಹೊರಗೆ ಹಾಕಿಸಿದೆವು. ರಟ್ಟು ಕಸಕ್ಕೆ ಹೋಯಿತು. ಹೊಸ ಅಲಾರಂ ಕೊಂಡು, ಬದಲಿಸಬೇಕಾದ ವರ್ಷವನ್ನು ಅದರ ಮುಖದ ಮೇಲೇ ಮಾರ್ಕರ್‌ನಲ್ಲಿ ಬರೆದಿದ್ದೇವೆ.

ರೂಮು ಹುಡುಕುವಾಗ ಬಾಡಿಗೆ, ಅಡ್ವಾನ್ಸ್, ವೈಫೈ ಎಲ್ಲ ವಿಚಾರಿಸುತ್ತೇವೆ. ಗೀಸರ್ ಎಲ್ಲಿದೆ, ಕಿಟಕಿ ತೆರೆಯುತ್ತದೆಯೇ ಎಂದೂ ಒಮ್ಮೆ ಕೇಳಿಬಿಡಿ ಗೆಳೆಯರೇ.