ಹತ್ತು ವರ್ಷಕ್ಕೆಂದು ಕಟ್ಟಿದ ಮನೆಗಳ ಆರೋಗ್ಯ ಪಾಠ

ಮನೆ ಕಟ್ಟಿಸುವಾಗ ನಾವು ಮೊದಲು ಯೋಚಿಸುವುದು ಯಾವುದರ ಬಗ್ಗೆ? ಹಜಾರ ಎಷ್ಟು ದೊಡ್ಡದಿರಬೇಕು, ಮುಂಬಾಗಿಲು ಹೇಗಿರಬೇಕು, ಗೋಡೆಗೆ ಯಾವ ಬಣ್ಣ ಒಪ್ಪುತ್ತದೆ ಎಂಬುದರ ಬಗ್ಗೆ. ಬಚ್ಚಲು ಮತ್ತು ಶೌಚಾಲಯಕ್ಕೆ ಸಿಗುವುದು ಕೊನೆಗೆ ಉಳಿದ ಮೂಲೆ. ಆದರೆ ಮನೆಮಂದಿಯ ಆರೋಗ್ಯಕ್ಕೆ ಹಜಾರಕ್ಕಿಂತ ಆ ಮೂಲೆಯೇ ಮುಖ್ಯ. ಬಚ್ಚಲು ಮತ್ತು ಅಡುಗೆಮನೆಯನ್ನೇ ಮನೆಯ ಕೇಂದ್ರವಾಗಿಟ್ಟು ಒಂದು ಕಾಲದಲ್ಲಿ ಬ್ರಿಟನ್ನಿನಲ್ಲಿ ಒಂದೂವರೆ ಲಕ್ಷ ಮನೆಗಳನ್ನು ಕಟ್ಟಿದ್ದರು. ಅವುಗಳ ಒಳಿತಿನಿಂದಲೂ ಕೆಡುಕಿನಿಂದಲೂ ನಾವು ಕಲಿಯುವುದಿದೆ.

ಎರಡನೇ ಮಹಾಯುದ್ಧದ ಬಾಂಬ್ ದಾಳಿಗಳಲ್ಲಿ ಬ್ರಿಟನ್ನಿನ ಲಕ್ಷಾಂತರ ಮನೆಗಳು ನೆಲಸಮವಾದವು ಅಥವಾ ಹಾನಿಗೊಂಡವು. ಹೊಸ ಮನೆ ಕಟ್ಟುವ ಕೆಲಸ ಬಹುತೇಕ ನಿಂತುಹೋಗಿತ್ತು. ಇಟ್ಟಿಗೆ, ಮರ, ಕುಶಲ ಕೆಲಸಗಾರರು ಎಲ್ಲಕ್ಕೂ ಕೊರತೆ. ಆಗ, 1944ರ ಮಾರ್ಚ್‌ನಲ್ಲಿ, ಪ್ರಧಾನಿ ಚರ್ಚಿಲ್ ರೇಡಿಯೋ ಭಾಷಣದಲ್ಲಿ ತುರ್ತು ವಸತಿಯ ಭರವಸೆ ಕೊಟ್ಟರು. ಅದೇ ವರ್ಷ ಅದಕ್ಕಾಗಿ ಕಾಯ್ದೆಯೂ ಬಂತು. ಗೋಡೆ, ಚಾವಣಿ, ಕಿಟಕಿಗಳನ್ನು ಕಾರ್ಖಾನೆಯಲ್ಲಿ ತಯಾರಿಸಿ, ಲಾರಿಯಲ್ಲಿ ತಂದು, ಕಾಂಕ್ರೀಟ್ ಹಾಸಿನ ಮೇಲೆ ಜೋಡಿಸುವ ಒಂದೇ ಅಂತಸ್ತಿನ ಮನೆಗಳವು. ಜನ ಅವನ್ನು 'ಪ್ರಿಫ್ಯಾಬ್' ಎಂದು ಕರೆದರು. 1949ರ ಹೊತ್ತಿಗೆ ಇಂತಹ 1,56,623 ಮನೆಗಳು ಎದ್ದು ನಿಂತವು. ಯುದ್ಧ ವಿಮಾನ ತಯಾರಿಸುತ್ತಿದ್ದ ಕಾರ್ಖಾನೆಗಳೇ ಅಲ್ಯೂಮಿನಿಯಂ ಮನೆಗಳನ್ನು ತಯಾರಿಸಿದವು. ಅವು ನಾಲ್ಕು ಭಾಗಗಳಲ್ಲಿ, ಒಳಗಿನ ನಲ್ಲಿ ಪೈಪುಗಳ ಸಮೇತ ಬರುತ್ತಿದ್ದವು.

ಒಂದೇ ಗೋಡೆ, ಎಲ್ಲ ನಲ್ಲಿಗಳು

ಮನೆ ಚಿಕ್ಕದೇ. ಸುಮಾರು 635 ಚದರ ಅಡಿ, ಎರಡು ಮಲಗುವ ಕೋಣೆ. ಆದರೆ ಅದರ ಒಳಜೋಡಣೆಯನ್ನು ಗಮನಿಸಿ. ಅಡುಗೆಮನೆಯೂ ಬಚ್ಚಲುಮನೆಯೂ ಬೆನ್ನಿಗೆ ಬೆನ್ನು ಕೊಟ್ಟು ನಿಂತಿದ್ದವು. ನಡುವಿನ ಒಂದೇ ಗೋಡೆಯಲ್ಲಿ ನೀರಿನ ಪೈಪುಗಳೆಲ್ಲ ಸೇರಿದ್ದವು. ಪೈಪು ಗಿಡ್ಡವಾದಷ್ಟೂ ಖರ್ಚು ಕಡಿಮೆ, ಸೋರಿಕೆಯೂ ಕಡಿಮೆ. ಹಜಾರದ ಅಗ್ಗಿಷ್ಟಿಕೆಯ ಹಿಂದೆ ನೀರಿನ ಬಾಯ್ಲರ್. ಚಳಿ ಕಾಯಿಸಲು ಹಚ್ಚಿದ ಬೆಂಕಿಯೇ ಸ್ನಾನದ ನೀರನ್ನೂ ಕಾಯಿಸುತ್ತಿತ್ತು. ಮನೆಯೊಳಗೇ ಶೌಚಾಲಯ, ಅಡುಗೆಮನೆಯಲ್ಲಿ ಫ್ರಿಜ್ಜು, ಸುತ್ತ ಸೊಪ್ಪು ತರಕಾರಿಗೆ ಕೈತೋಟ.

ಇದರಲ್ಲೇನು ವಿಶೇಷ ಎನ್ನುವಿರಾ? 1951ರ ಜನಗಣತಿಯ ಪ್ರಕಾರ ಇಂಗ್ಲೆಂಡ್ ಮತ್ತು ವೇಲ್ಸ್‌ನ ಮೂರರಲ್ಲಿ ಒಂದಕ್ಕಿಂತ ಹೆಚ್ಚು ಕುಟುಂಬಗಳಿಗೆ ಸ್ನಾನದ ತೊಟ್ಟಿಯೇ ಇರಲಿಲ್ಲ. ಬಡವರ ಮನೆಗಳಲ್ಲಿ ಶೌಚಾಲಯ ಹಿತ್ತಲಿನಲ್ಲಿತ್ತು. ಸ್ನಾನಕ್ಕೆ ಒಲೆಯ ಮುಂದೆ ತಗಡಿನ ತೊಟ್ಟಿ. ನೀರು ಹೊತ್ತು, ಕಾಯಿಸಿ, ತುಂಬಿಸಿ, ಕೊನೆಗೆ ಚೆಲ್ಲುವ ಕೆಲಸ ಮನೆಯ ಹೆಂಗಸಿನದು. ಹೊಸ ಮನೆಯಲ್ಲಿ ಆಕೆ ನಲ್ಲಿ ತಿರುಗಿಸಿದರೆ ಸಾಕಿತ್ತು. ಶುಚಿತ್ವ ಬರೀ ಉಪದೇಶದಿಂದ ಬರುವುದಿಲ್ಲ. ನೀರು ಕೈಗೆಟುಕುವಲ್ಲಿದ್ದರೆ ಮಕ್ಕಳು ಹೇಳಿಸಿಕೊಳ್ಳದೆಯೇ ಕೈ ತೊಳೆಯುತ್ತಾರೆ.

ಗೋಡೆ ಬೆವರಿದಾಗ

ಆದರೆ ಮನೆಗಳಲ್ಲಿ ದೋಷವೂ ಇತ್ತು. ಲೋಹದ ತೆಳು ಗೋಡೆ ಚಳಿಗಾಲದಲ್ಲಿ ಬೇಗ ತಣ್ಣಗಾಗುತ್ತಿತ್ತು. ಅಡುಗೆಯ ಹಬೆ, ಸ್ನಾನದ ಹಬೆ ಅದಕ್ಕೆ ತಾಗಿ ನೀರಾಗಿ ಇಳಿಯುತ್ತಿತ್ತು. ಇಂತಹ ತೇವದಲ್ಲಿ ಕಪ್ಪು ಬೂಷ್ಟು ಬೆಳೆಯುತ್ತದೆ. ಬೂಷ್ಟು ಹಿಡಿದ ಕೋಣೆಯ ಗಾಳಿ ಮಕ್ಕಳಿಗೂ ಅಸ್ತಮಾ ಇರುವವರಿಗೂ ಒಳ್ಳೆಯದಲ್ಲ. ಮಳೆಗಾಲದಲ್ಲಿ ನಮ್ಮ ಮನೆಗಳಲ್ಲೂ ಇದೇ ತೊಂದರೆ ಕಾಣುತ್ತೇವೆ. ಅಡುಗೆ ಮಾಡುವಾಗ ಕಿಟಕಿ ತೆರೆದಿಡಿ. ಬಚ್ಚಲಿನ ಹಬೆ ಹೊರಹೋಗಲು ಎತ್ತರದಲ್ಲಿ ಕಿಂಡಿ ಇರಲಿ. ಕಪಾಟನ್ನು ಗೋಡೆಗೆ ಒತ್ತಿ ನಿಲ್ಲಿಸಬೇಡಿ, ನಾಲ್ಕು ಬೆರಳಿನಷ್ಟು ಜಾಗ ಬಿಡಿ. ಒದ್ದೆ ಬಟ್ಟೆಯನ್ನು ಮಲಗುವ ಕೋಣೆಯಲ್ಲಿ ಒಣಗಿಸಬೇಡಿ.

ಕಲ್ನಾರಿನ ಧೂಳು

ಇದಕ್ಕಿಂತ ದೊಡ್ಡ ದೋಷವೊಂದು ಆಗ ಮನೆಯವರಿಗೆ ತಿಳಿದಿರಲಿಲ್ಲ. ಆರ್ಕಾನ್, ಯೂನಿ-ಸೆಕೊ ಎಂಬ ಮಾದರಿಗಳ ಹೊದಿಕೆಯಲ್ಲಿ ಕಲ್ನಾರು, ಅಂದರೆ ಆಸ್ಬೆಸ್ಟಾಸ್ ಬೆರೆತ ಸಿಮೆಂಟ್ ಶೀಟ್ ಬಳಸಿದ್ದರು. ಅಗ್ಗ, ಹಗುರ, ಬೆಂಕಿಗೆ ಜಗ್ಗದು. ಆದರೆ ಅದನ್ನು ಕೊಯ್ದಾಗ, ಒಡೆದಾಗ ಏಳುವ ಕಣ್ಣಿಗೆ ಕಾಣದ ಎಳೆಗಳು ಶ್ವಾಸಕೋಶ ಸೇರಿದರೆ ಹತ್ತಾರು ವರ್ಷಗಳ ನಂತರವೂ ಕ್ಯಾನ್ಸರ್ ತರಬಲ್ಲವು. ಬ್ರಿಟನ್ 1999ರಲ್ಲಿ ಎಲ್ಲ ಬಗೆಯ ಕಲ್ನಾರನ್ನೂ ನಿಷೇಧಿಸಿತು. ನಮ್ಮ ದೇಶದಲ್ಲಿ ಕಲ್ನಾರಿನ ಶೀಟ್ ಇಂದಿಗೂ ಮನೆಗಳ ಮೇಲಿದೆ.

ನಿಮ್ಮ ಚಾವಣಿ ಅಂಥದ್ದಾದರೆ ಗಾಬರಿ ಬೇಡ. ಬಿರುಕಿಲ್ಲದೆ ಗಟ್ಟಿಯಾಗಿರುವ ಶೀಟಿನಿಂದ ಅಪಾಯ ಬಹಳ ಕಡಿಮೆ. ಅಪಾಯವಿರುವುದು ಧೂಳಿನಲ್ಲಿ. ಪಾಚಿ ತೆಗೆಯಲು ತಂತಿಯ ಬ್ರಷ್‌ನಿಂದ ಉಜ್ಜಬೇಡಿ. ನೀವೇ ರಂಧ್ರ ಕೊರೆಯಬೇಡಿ, ಗರಗಸ ಹಾಕಬೇಡಿ. ಒಡೆದ ಚೂರನ್ನು ನೀರು ಚಿಮುಕಿಸಿ ಒದ್ದೆ ಮಾಡಿ ಎತ್ತಿ, ಒಣಪೊರಕೆ ಹಿಡಿಯಬೇಡಿ. ಮುಖಕ್ಕೆ ಬಟ್ಟೆ ಕಟ್ಟಿಕೊಂಡರೆ ಆ ಎಳೆಗಳು ನಿಲ್ಲುವುದಿಲ್ಲ. ಹಳೆಯ ಶೀಟನ್ನು ಪುಡಿ ಮಾಡಿ ಅಂಗಳಕ್ಕೆ ತುಂಬುವುದಂತೂ ಬೇಡವೇ ಬೇಡ, ಅಲ್ಲಿ ಆಡುವವರು ಮಕ್ಕಳು. ಶೀಟ್ ಬದಲಿಸುವುದಿದ್ದರೆ ಕೆಲಸದವರಿಗೂ ಇದನ್ನು ಹೇಳಿ. ಅವರ ಉಸಿರೂ ನಮ್ಮ ಹೊಣೆ.

ಆ ಮನೆಗಳನ್ನು ಕಟ್ಟಿದ್ದು ಹತ್ತು ಹದಿನೈದು ವರ್ಷಕ್ಕೆಂದು. ಕೆಲವಲ್ಲಿ ಜನ ಅರವತ್ತು ವರ್ಷ ಕಳೆದರೂ ಬಾಳಿದರು. ಲಂಡನ್ನಿನ ಕ್ಯಾಟ್‌ಫರ್ಡ್‌ನಲ್ಲಿ ಅಂತಹ ಆರು ಮನೆಗಳನ್ನು 2009ರಲ್ಲಿ ಸಂರಕ್ಷಿತ ಕಟ್ಟಡಗಳ ಪಟ್ಟಿಗೆ ಸೇರಿಸಲಾಯಿತು. ತಾತ್ಕಾಲಿಕ ಎಂದು ಹಾಕಿದ ಚಾವಣಿ ನಮ್ಮಲ್ಲೂ ಎಷ್ಟೋ ಸಲ ಮಕ್ಕಳ ಕಾಲಕ್ಕೂ ಉಳಿಯುತ್ತದೆ. ಆದ್ದರಿಂದ ಮುಂದಿನ ಸಲ ಮನೆಯ ನಕ್ಷೆ ಹಿಡಿದು ಕೂತಾಗ ಪೆನ್ಸಿಲನ್ನು ಮೊದಲು ಬಚ್ಚಲಿನ ಮೇಲಿಡಿ. ನೀರು ಎಲ್ಲಿಂದ ಬರುತ್ತದೆ, ಹಬೆ ಎಲ್ಲಿಂದ ಹೋಗುತ್ತದೆ, ತಲೆಯ ಮೇಲಿರುವುದು ಏನು ಎಂದು ಕೇಳಿಕೊಳ್ಳಿ. ಹಜಾರದ ಬಣ್ಣವನ್ನು ಆಮೇಲೆ ಆರಿಸಬಹುದು.