ಗಣಕಯಂತ್ರಕ್ಕೆ ಜ್ವರ ಬಂದಾಗ

ಮಗುವಿನ ಮೈ ಬಿಸಿಯಾದರೆ ತಾಯಿ ಮೊದಲು ಹಣೆ ಮುಟ್ಟಿ ನೋಡುತ್ತಾಳೆ. ಸಂಶಯ ಬಂದರೆ ಥರ್ಮಾಮೀಟರು ಹುಡುಕುತ್ತಾಳೆ. ಹಟ್ಟಿಯ ದನಕ್ಕೆ ಜ್ವರವಿದೆಯೇ ಎಂಬುದನ್ನು ಕಿವಿ ಮುಟ್ಟಿಯೇ ಹೇಳಬಲ್ಲ ಹಿರಿಯರು ನಮ್ಮ ಹಳ್ಳಿಗಳಲ್ಲಿ ಇಂದಿಗೂ ಇದ್ದಾರೆ. ಆದರೆ ನಲವತ್ತು ಐವತ್ತು ಸಾವಿರ ರೂಪಾಯಿ ತೆತ್ತು ತಂದು, ಮನೆಯ ಮೂಲೆಯ ಮೇಜಿನ ಮೇಲೆ ಪ್ರತಿಷ್ಠಾಪಿಸಿದ ಗಣಕಯಂತ್ರದ ಮೈ ಎಷ್ಟು ಬಿಸಿಯಾಗಿದೆಯೆಂದು ವಿಚಾರಿಸುವವರು ಎಷ್ಟು ಮಂದಿ? ಅದರ ಫ್ಯಾನು ಗೊರಗುಟ್ಟತೊಡಗಿದರೆ ಕಿವಿ ಮುಚ್ಚಿಕೊಳ್ಳುತ್ತೇವೆ. ಕೆಲಸ ನಿಧಾನವಾದರೆ, ‘ಹಳತಾಯಿತು, ಇನ್ನು ಹೊಸತು ಕೊಳ್ಳಬೇಕು’ ಎಂದು ನಿಟ್ಟುಸಿರಿಡುತ್ತೇವೆ. ಪಾಪ, ಆ ಯಂತ್ರಕ್ಕೆ ಬಂದುದು ಮುಪ್ಪಲ್ಲ, ಬರಿಯ ಜ್ವರವೆಂಬ ಯೋಚನೆ ನಮಗೆ ಹೊಳೆಯುವುದೇ ಇಲ್ಲ.

ಕುಂದಾಪುರ, ಬೈಂದೂರು, ಬ್ರಹ್ಮಾವರದ ನಮಗಂತೂ ಈ ವಿಷಯ ದೂರದ್ದಲ್ಲ. 2020ರ ಮಾರ್ಚಿಯಲ್ಲಿ ದೇಶವೆಲ್ಲ ಬಾಗಿಲು ಹಾಕಿಕೊಂಡಾಗ, ಬೆಂಗಳೂರಿನಲ್ಲಿ ದುಡಿಯುತ್ತಿದ್ದ ನಮ್ಮೂರ ಮಕ್ಕಳು ಅನೇಕರು ಲ್ಯಾಪ್‌ಟಾಪನ್ನು ಬಗಲಿಗೇರಿಸಿಕೊಂಡು ಊರಿಗೆ ಮರಳಿದರು. ಚಾವಡಿಯೇ ಕಚೇರಿಯಾಯಿತು, ಉಪ್ಪರಿಗೆಯೇ ಶಾಲೆಯಾಯಿತು. ತಂಪಾದ ಕಚೇರಿಯಲ್ಲಿ ಸದ್ದಿಲ್ಲದೆ ನಡೆಯುತ್ತಿದ್ದ ಯಂತ್ರಗಳು ಏಪ್ರಿಲ್ ಮೇ ತಿಂಗಳಿನ ಕರಾವಳಿಯಲ್ಲಿ ಏದುಸಿರು ಬಿಡತೊಡಗಿದವು. ಅಂದಿನಿಂದ ಮನೆಮನೆಯಲ್ಲೂ ಒಂದು ಗಣಕವಿರುವುದು ಸಾಮಾನ್ಯವಾಗಿದೆ. ಅದರ ಆರೈಕೆಯ ತಿಳಿವಳಿಕೆ ಮಾತ್ರ ಅಷ್ಟೇ ವೇಗದಲ್ಲಿ ಹಬ್ಬಿಲ್ಲ.

ಜ್ವರ ಹುಟ್ಟುವುದೆಲ್ಲಿ?

ಗಣಕದ ಮಿದುಳೆನಿಸಿದ ಪ್ರೊಸೆಸರ್ ಉಗುರಿನಗಲದ ಒಂದು ಸಿಲಿಕಾನ್ ಬಿಲ್ಲೆ. ಅದರಲ್ಲಿ ಟ್ರಾನ್ಸಿಸ್ಟರುಗಳೆಂಬ ಅತಿ ಸೂಕ್ಷ್ಮ ಸ್ವಿಚ್ಚುಗಳು ಕ್ಷಣಕ್ಷಣವೂ ತೆರೆದು ಮುಚ್ಚುತ್ತಿರುತ್ತವೆ. ಅದು ಕುಡಿದ ವಿದ್ಯುತ್ತೆಲ್ಲ ಕೊನೆಗೆ ಶಾಖವಾಗಿಯೇ ಹೊರಬರಬೇಕು. ಲೆಕ್ಕ ಮಾಡಿದ್ದರ ಪುಣ್ಯದಿಂದ ಒಂದು ವ್ಯಾಟಿನಷ್ಟೂ ರಿಯಾಯಿತಿಯಿಲ್ಲ. 65 ವ್ಯಾಟಿನ ಪ್ರೊಸೆಸರ್ ಎಂದರೆ 65 ವ್ಯಾಟಿನ ಒಲೆಯೆಂದೇ ತಿಳಿಯಬೇಕು. ಹಳೆಯ ಕಾಲದ 60 ವ್ಯಾಟ್ ಬಲ್ಬನ್ನು ಬರಿಗೈಯಲ್ಲಿ ಹಿಡಿಯಲು ಹೋದವರಿಗೆ ಅದರ ಅರ್ಥ ಗೊತ್ತು. ಅಂತಹ ಶಾಖವನ್ನು ಉಗುರಿನಗಲದ ಜಾಗಕ್ಕೆ ಒತ್ತಿಟ್ಟರೆ ಏನಾದೀತೆಂದು ವಾಚಕರೇ ಊಹಿಸಬಹುದು.

ಈ ಶಾಖದ ಕಥೆ ಗಣಕದಷ್ಟೇ ಹಳೆಯದು. 1946ರಲ್ಲಿ ಅಮೆರಿಕದಲ್ಲಿ ಲೋಕಕ್ಕೆ ಪ್ರಕಟವಾದ ಎನಿಯಾಕ್ ಎಂಬ ಯಂತ್ರದಲ್ಲಿ ಸುಮಾರು 18,000 ರೇಡಿಯೋ ವಾಲ್ವುಗಳಿದ್ದವು. ಅದು ನುಂಗುತ್ತಿದ್ದುದು ಸುಮಾರು 150 ಕಿಲೋವ್ಯಾಟ್ ವಿದ್ಯುತ್ತು. 1971ರಲ್ಲಿ ಇಂಟೆಲ್ ಸಂಸ್ಥೆ ಹೊರತಂದ 4004 ಎಂಬ ಬಿಲ್ಲೆಯಲ್ಲಾದರೋ 2,300 ಟ್ರಾನ್ಸಿಸ್ಟರುಗಳು ಮಾತ್ರ. ಅದಕ್ಕೆ ಫ್ಯಾನಿನ ಅಗತ್ಯವೇ ಇರಲಿಲ್ಲ. ವೇಗದ ಪೈಪೋಟಿ ಏರಿದಂತೆ ಬಿಸಿಯೂ ಏರಿತು. 2004ರಲ್ಲಿ ಪೆಂಟಿಯಂ 4ರ ಹೊಸ ಬಿಲ್ಲೆಗಳು ನೂರು ವ್ಯಾಟನ್ನೂ ದಾಟಿದಾಗ, ಅದಕ್ಕಿಂತ ವೇಗದ ಮುಂದಿನ ಯೋಜನೆಯನ್ನೇ ಇಂಟೆಲ್ ಕೈಬಿಟ್ಟಿತು. ಒಬ್ಬನೇ ಆಳನ್ನು ಓಡಿಸಿ ಸುಸ್ತುಮಾಡುವುದಕ್ಕಿಂತ ನಾಲ್ವರಿಗೆ ಕೆಲಸ ಹಂಚುವುದು ಮೇಲೆಂಬ ನೀತಿ ಅಲ್ಲಿಂದ ಬಲವಾಯಿತು. ಇಂದಿನ ಪ್ರೊಸೆಸರುಗಳಲ್ಲಿ ನಾಲ್ಕು, ಎಂಟು, ಹದಿನಾರು ‘ಕೋರ್’ಗಳಿರುವುದರ ಹಿಂದೆ ಈ ಶಾಖದ ಭಯವೂ ಇದೆ.

ನಮ್ಮ ಸೆಕೆ, ಯಂತ್ರದ ಸೆಕೆ

‘ಎಂತ ಸೆಕಿ ಮಾರಾಯ್ರೆ!’ ಎಂಬ ಉದ್ಗಾರವಿಲ್ಲದೆ ನಮ್ಮ ಕಡೆ ಬೇಸಗೆಯಲ್ಲಿ ಮಾತು ಆರಂಭವಾಗುವುದಿಲ್ಲ. ಆದರೆ ಸೆಕೆ ಬೇರೆ, ಬಿಸಿ ಬೇರೆ ಎಂಬುದನ್ನು ಗಮನಿಸಬೇಕು. ನಮ್ಮ ದೇಹ ತಂಪಾಗುವುದು ಬೆವರು ಆರಿದಾಗ. ಕಡಲ ಗಾಳಿಯಲ್ಲಿ ತೇವ ತುಂಬಿರುವುದರಿಂದ ಬೆವರು ಆರದು; ಅದೇ ಸೆಕೆ. ಯಂತ್ರಕ್ಕೆ ಬೆವರಿಲ್ಲ. ಆದ್ದರಿಂದ ಬಳ್ಳಾರಿಯ ಒಣಹವೆಯ 34 ಡಿಗ್ರಿಯೂ ಗಂಗೊಳ್ಳಿಯ ತೇವದ 34 ಡಿಗ್ರಿಯೂ ಪ್ರೊಸೆಸರಿಗೆ ಹೆಚ್ಚುಕಡಿಮೆ ಒಂದೇ. ಅದಕ್ಕೆ ಬೇಕಾದುದು ತನ್ನ ಬಿಸಿಯನ್ನು ಒಪ್ಪಿಸಲು ತನಗಿಂತ ತಂಪಾದ ಗಾಳಿ, ಮತ್ತು ಆ ಗಾಳಿಯ ಓಡಾಟ.

ಇದರ ಲೆಕ್ಕ ಬಹು ಸುಲಭ. ನಿಮ್ಮ ಯಂತ್ರದ ತಂಪುಕಾರಕವು ಪ್ರತಿ ವ್ಯಾಟಿಗೆ ಅರ್ಧ ಡಿಗ್ರಿಯಷ್ಟು ಬಿಸಿಯನ್ನು ಉಳಿಸಿಕೊಳ್ಳುವಂಥದೆಂದು ಇಟ್ಟುಕೊಳ್ಳೋಣ. 60 ವ್ಯಾಟಿನ ದುಡಿಮೆಯಲ್ಲಿ ಪ್ರೊಸೆಸರು ಕೋಣೆಗಿಂತ 30 ಡಿಗ್ರಿ ಹೆಚ್ಚು ಕಾಯುತ್ತದೆ. ಕೋಣೆಯಲ್ಲಿ 24 ಡಿಗ್ರಿಯಿದ್ದರೆ ಅದು 54. 34 ಇದ್ದರೆ 64. ಫ್ಯಾನು ಎಷ್ಟು ಜೋರಾಗಿ ತಿರುಗಿದರೂ ಕೋಣೆಯ ಗಾಳಿಗಿಂತ ತಂಪಾಗಿ ಅದನ್ನು ಇಡಲಾರದು. ತಾರಸಿಯ ಮನೆಗಳಲ್ಲಿ ಮಕ್ಕಳ ಓದಿನ ಕೋಣೆ ಸಾಮಾನ್ಯವಾಗಿ ಮಹಡಿಯ ಮೇಲೆ. ಹಗಲೆಲ್ಲ ಬಿಸಿಲುಂಡ ಕಾಂಕ್ರೀಟು ರಾತ್ರಿ ಊಟದ ಹೊತ್ತಿಗೂ ಶಾಖವನ್ನು ಕಕ್ಕುತ್ತಿರುತ್ತದೆ. ಹೆಂಚಿನ ಮನೆಗಳಾದರೆ ಸಂದುಗಳಲ್ಲಿ ಉಸಿರಾಡುತ್ತವೆ, ಬಿಸಿಗಾಳಿ ಮೇಲೇರಿ ಹೊರಟುಹೋಗುತ್ತದೆ. ಗಣಕದ ಪೆಟ್ಟಿಗೆಗೂ ಬೇಕಾದುದು ಇದೇ ವ್ಯವಸ್ಥೆ: ಒಂದು ಕಡೆಯಿಂದ ಗಾಳಿ ಬರಬೇಕು, ಮತ್ತೊಂದು ಕಡೆಯಿಂದ ಹೋಗಬೇಕು.

ನಾಡಿ ನೋಡುವ ಬಗೆ

ಪ್ರೊಸೆಸರಿನೊಳಗೇ ಉಷ್ಣಮಾಪಕವಿದೆ, ನಾವು ಓದಬೇಕಷ್ಟೆ. ಯಂತ್ರವನ್ನು ಹಚ್ಚಿದೊಡನೆ ತೆರೆಯಬಹುದಾದ ಬಯಾಸ್ ಪುಟದಲ್ಲಿ ಅನೇಕ ಯಂತ್ರಗಳು ತಮ್ಮ ತಾಪಮಾನವನ್ನು ತೋರಿಸುತ್ತವೆ. ವಿಂಡೋಸ್ ಬಳಸುವವರಿಗೆ ಕೋರ್ ಟೆಂಪ್, ಎಚ್‌ಡಬ್ಲ್ಯುಇನ್ಫೋ ಮುಂತಾದ ತಂತ್ರಾಂಶಗಳು ಮನೆಬಳಕೆಗೆ ಉಚಿತವಾಗಿ ದೊರೆಯುತ್ತವೆ. ಲಿನಕ್ಸ್ ಬಳಸುವವರು ‘ಸೆನ್ಸರ್ಸ್’ ಎಂಬ ಒಂದೇ ಆಜ್ಞೆಯಿಂದ ತಿಳಿಯಬಹುದು.

ಅಂಕಿ ಕಂಡೊಡನೆ ಗಾಬರಿಯಾಗಬಾರದು. ಮನುಷ್ಯನಿಗೆ ನಲವತ್ತು ಡಿಗ್ರಿ ಸನ್ನಿಯ ಜ್ವರವಾದರೆ, ಪ್ರೊಸೆಸರಿಗೆ ಅದು ವಿಶ್ರಾಂತಿಯ ಸುಖ. ಸುಮ್ಮನಿರುವಾಗ 40ರಿಂದ 55, ದುಡಿಯುವಾಗ 65ರಿಂದ 85 ಡಿಗ್ರಿ ನಮ್ಮ ಊರಿನಲ್ಲಿ ಸಹಜವೇ. ತೆಳ್ಳಗಿನ ಲ್ಯಾಪ್‌ಟಾಪುಗಳು ಭಾರಿ ಕೆಲಸದಲ್ಲಿ ಕೆಲವು ಕ್ಷಣ 90ನ್ನು ಮುಟ್ಟುವುದುಂಟು. 2022ರಲ್ಲಿ ಬಂದ ರೈಜೆನ್ 7000 ಸರಣಿಯ ಮೇಜಿನ ಪ್ರೊಸೆಸರುಗಳನ್ನು 95 ಡಿಗ್ರಿಯವರೆಗೆ ದುಡಿಯುವಂತೆಯೇ ರೂಪಿಸಲಾಗಿದೆ. ಆದರೆ ಏನೂ ಕೆಲಸವಿಲ್ಲದಾಗ 65ರ ಮೇಲಿದ್ದರೆ, ಅಥವಾ ಸಣ್ಣ ಕೆಲಸಕ್ಕೂ 90ರ ಮೇಲೆ ನಿಂತುಬಿಟ್ಟರೆ, ಅದು ಚಿಕಿತ್ಸೆಯನ್ನು ಬೇಡುವ ಜ್ವರ.

ಇಂಟೆಲಿನ ಅನೇಕ ಪ್ರೊಸೆಸರುಗಳಿಗೆ ಮಿತಿ 100 ಡಿಗ್ರಿ. ಆ ಗಡಿ ಮುಟ್ಟಿದೊಡನೆ ಅವು ತಮ್ಮ ವೇಗವನ್ನು ತಾವೇ ತಗ್ಗಿಸಿಕೊಳ್ಳುತ್ತವೆ. ಕುಣಿದು ದಣಿದ ವೇಷಧಾರಿಯನ್ನು ಕಂಡು ಭಾಗವತರು ಲಯವನ್ನು ಇಳಿಸಿದ ಹಾಗೆ! ‘ಗಣಕ ನಿಧಾನವಾಯಿತು’ ಎಂದು ನಾವು ದೂರುವ ಹೊತ್ತಿಗೆ ಅದು ತನ್ನ ಪ್ರಾಣವನ್ನು ಉಳಿಸಿಕೊಳ್ಳುತ್ತಿರಬಹುದು. ಇಳಿದರೂ ತಾಳಲಾರದಾದರೆ ತಟ್ಟನೆ ಆರಿಹೋಗುತ್ತದೆ. ಈ ಆತ್ಮರಕ್ಷಣೆ ಹಿಂದೆ ಎಲ್ಲ ಯಂತ್ರಗಳಿಗೂ ಇರಲಿಲ್ಲ. 2001ರಲ್ಲಿ ಟಾಮ್ಸ್ ಹಾರ್ಡ್‌ವೇರ್ ಎಂಬ ಪತ್ರಿಕೆಯವರು ಓಡುತ್ತಿರುವ ಯಂತ್ರಗಳ ತಂಪುಕಾರಕವನ್ನೇ ಕಿತ್ತು ಪರೀಕ್ಷಿಸಿದರು. ಪೆಂಟಿಯಂ 4 ನಿಧಾನವಾಗಿ ಬದುಕಿಕೊಂಡಿತು. ಅಂದಿನ ಅಥ್ಲಾನ್ ಹೊಗೆಯಾಡಿ ಸತ್ತಿತು. ಇಂದು ಎರಡು ವಂಶದವೂ ಆ ಪಾಠವನ್ನು ಕಲಿತಿವೆ.

ಹಾಗಾದರೆ ನಮಗೇಕೆ ಚಿಂತೆ ಎಂದು ಕೆಲವರು ಕೇಳಬಹುದು. ಪ್ರೊಸೆಸರು ಬದುಕಿದರೂ ಅದರ ನೆರೆಹೊರೆ ಬೇಯುತ್ತದೆ. ಶಾಖ ಹತ್ತು ಡಿಗ್ರಿ ಏರಿದರೆ ಎಲೆಕ್ಟ್ರೊಲೈಟಿಕ್ ಕೆಪಾಸಿಟರುಗಳ ಆಯುಸ್ಸು ಅರ್ಧವಾಗುತ್ತದೆಂಬುದು ತಂತ್ರಜ್ಞರ ಹಳೆಯ ಲೆಕ್ಕ. ಲ್ಯಾಪ್‌ಟಾಪಿನ ಬ್ಯಾಟರಿಗೆ ಬಿಸಿ ಪರಮ ಶತ್ರು. ಬೇಗ ಸೊರಗುತ್ತದೆ, ಕೆಲವೊಮ್ಮೆ ಉಬ್ಬಿ ಅಪಾಯಕ್ಕೂ ಕಾರಣವಾಗುತ್ತದೆ. ಮಗಳು ಅರ್ಧರಾತ್ರಿಯವರೆಗೆ ಕುಳಿತು ಸಿದ್ಧಪಡಿಸಿದ ಪ್ರಬಂಧ, ಅಜ್ಜನ ಷಷ್ಟ್ಯಬ್ದಿಯ ಭಾವಚಿತ್ರಗಳು ಎಲ್ಲವೂ ಆ ಪೆಟ್ಟಿಗೆಯೊಳಗೇ ಇವೆಯಲ್ಲ!

ಧೂಳೆಂಬ ಕಂಬಳಿ

ಬೈಂದೂರಿನ ಬಂಧುಗಳ ಮನೆಯ ಉದಾಹರಣೆಯನ್ನು ಹೇಳಬಹುದು. ಐದು ವರ್ಷದ ಲ್ಯಾಪ್‌ಟಾಪು. ಪದವಿ ಓದುವ ಹುಡುಗಿಯದು. ಪರೀಕ್ಷೆಯ ದಿನಗಳಲ್ಲೇ ಅರ್ಧ ಗಂಟೆಗೊಮ್ಮೆ ಆರಿಹೋಗುತ್ತಿತ್ತು. ತೋರಿಸಿದ ಒಂದು ಅಂಗಡಿಯಲ್ಲಿ ‘ಇದಕ್ಕೆ ಆಯುಷ್ಯ ಮುಗಿಯಿತು’ ಎಂದರಂತೆ. ತಂದೆ ಹೊಸತಕ್ಕಾಗಿ ಸಹಕಾರಿ ಸಂಘದಲ್ಲಿ ಸಾಲ ಕೇಳುವ ಯೋಚನೆಯಲ್ಲಿದ್ದರು. ತಾಪಮಾನ ನೋಡಿದರೆ ಸುಮ್ಮನಿದ್ದಾಗಲೇ 70, ದುಡಿಸಿದರೆ 99. ಬಲ್ಲವರೊಬ್ಬರು ಕೆಳಗಿನ ಮುಚ್ಚಳ ಬಿಚ್ಚಿದಾಗ ಫ್ಯಾನಿಗೂ ಲೋಹದ ರೆಕ್ಕೆಗಳಿಗೂ ನಡುವೆ ಧೂಳು ಕಂಬಳಿಯಂತೆ ಹೆಣೆದುಕೊಂಡಿತ್ತು. ಅದನ್ನು ತೆಗೆದು, ಒಣಗಿ ಹುಡಿಯಾಗಿದ್ದ ಲೇಪವನ್ನು ಒರೆಸಿ ಹೊಸತು ಹಚ್ಚಿದ ಮೇಲೆ 48 ಮತ್ತು 76. ಖರ್ಚಾದುದು ಕೆಲವು ನೂರು ರೂಪಾಯಿ. ಹುಡುಗಿಯ ಪರೀಕ್ಷೆಯೂ ನಡೆಯಿತು, ತಂದೆಯ ಸಾಲವೂ ತಪ್ಪಿತು.

ಕರಾವಳಿಯ ಧೂಳಿಗೆ ಒಂದು ವಿಶೇಷ ಗುಣವಿದೆ. ಒಣನಾಡಿನಲ್ಲಿ ಊದಿದರೆ ಹಾರುವ ಧೂಳು ಇಲ್ಲಿ ತೇವಕ್ಕೆ ಅಂಟಿ ಗಟ್ಟಿಯಾಗುತ್ತದೆ. ಅಂಗಳದ ಕೆಂಪುಮಣ್ಣು, ಹೆದ್ದಾರಿಯ ಹುಡಿ, ಅಡುಗೆಮನೆಯ ಎಣ್ಣೆಹೊಗೆ, ದೇವರ ಕೋಣೆಯ ಅಗರಬತ್ತಿಯ ಹೊಗೆ, ಕಡಲಂಚಿನಲ್ಲಾದರೆ ಉಪ್ಪುಗಾಳಿ, ಇವೆಲ್ಲ ಸೇರಿದ ಪಾಕ ಅದು. ಮರವಂತೆಯಂತಹ ಕಡಲ ದಂಡೆಯ ಊರುಗಳಲ್ಲಿ ಉಪ್ಪು ಲೋಹವನ್ನೂ ತಿನ್ನುತ್ತದೆ. ಇದರ ಮೇಲೆ ಪೆಟ್ಟಿಗೆಯ ಬೆಚ್ಚನೆಯ ಒಳಗನ್ನು ಅರಸಿ ಬರುವ ಹಲ್ಲಿ, ಜಿರಳೆ, ಇರುವೆಗಳ ಸಂಸಾರ ಬೇರೆ!

ಉಪಚಾರ

ಮೊದಲ ಮದ್ದಿಗೆ ಕಾಸಿನ ಖರ್ಚಿಲ್ಲ. ಲ್ಯಾಪ್‌ಟಾಪನ್ನು ಹಾಸಿಗೆಯ ಮೇಲೆ, ದಿಂಬಿನ ಮೇಲೆ ಇಡಬೇಡಿ. ಬಹುಪಾಲು ಲ್ಯಾಪ್‌ಟಾಪುಗಳು ಕೆಳಗಿನಿಂದ ಉಸಿರೆಳೆಯುತ್ತವೆ. ಮೇಜಿನ ಮೇಲಿಟ್ಟು ಹಿಂಬದಿಗೆ ಎರಡು ಮರದ ತುಂಡು ಕೊಟ್ಟು ಎತ್ತರಿಸಿದರೆ ಕೆಲವು ಡಿಗ್ರಿ ಇಳಿಯುತ್ತದೆ. ದೊಡ್ಡ ಪೆಟ್ಟಿಗೆಯನ್ನು ಮೇಜಿನ ಕಪಾಟಿನೊಳಗೆ ಮುಚ್ಚಿಡದೆ ಗೋಡೆಯಿಂದ ಗೇಣಿನಷ್ಟು ದೂರವಿಡಿ. ಗೃಹಿಣಿಯರು ಪ್ರೀತಿಯಿಂದ ಹೊಲಿದು ಹೊದಿಸುವ ಕಸೂತಿಯ ಮುಸುಕು ಯಂತ್ರ ಮಲಗಿದಾಗ ಭೂಷಣ, ದುಡಿಯುವಾಗ ಶಿಕ್ಷೆ.

ಎರಡನೆಯದು ಶುಚಿತ್ವ. ವರ್ಷಕ್ಕೆರಡು ಬಾರಿ, ಬೇಸಗೆ ಬಲಿಯುವ ಮುನ್ನ ಒಮ್ಮೆ, ಮಳೆ ನಿಂತ ಮೇಲೆ ಒಮ್ಮೆ. ಪ್ಲಗ್ ಕಿತ್ತು, ಸ್ವಿಚ್ಚನ್ನು ಕೆಲವು ಕ್ಷಣ ಒತ್ತಿಹಿಡಿದು ಉಳಿದ ವಿದ್ಯುತ್ತನ್ನು ಬಿಡಿಸಿ. ಮೃದುವಾದ ಕುಂಚದಿಂದಲೂ ಗಾಳಿ ಊದುವ ಬ್ಲೋವರಿನಿಂದಲೂ ಧೂಳು ತೆಗೆಯಿರಿ. ಫ್ಯಾನಿನ ರೆಕ್ಕೆಯನ್ನು ಬೆರಳಿನಿಂದ ಹಿಡಿದೇ ಊದಬೇಕು. ಒದ್ದೆಬಟ್ಟೆ ಸಲ್ಲದು. ವಾರಂಟಿಯಿರುವ ಯಂತ್ರವನ್ನು ನೀವೇ ಬಿಚ್ಚದಿರುವುದು ಲೇಸು.

ಮೂರನೆಯದು ಪ್ರೊಸೆಸರಿಗೂ ತಂಪುಕಾರಕಕ್ಕೂ ನಡುವಿನ ಥರ್ಮಲ್ ಪೇಸ್ಟ್. ಕೆಲವು ವರ್ಷಗಳಲ್ಲಿ ಅದು ಒಣಗುತ್ತದೆ. ಬದಲಿಸುವಾಗ ಬಟಾಣಿ ಕಾಳಿನಷ್ಟು ಸಾಕು. ದೋಸೆಗೆ ಬೆಣ್ಣೆ ಹಚ್ಚುವ ಔದಾರ್ಯ ಇಲ್ಲಿ ಬೇಡ. ನಾಲ್ಕನೆಯದು ವೇಗದ ಮಿತಿ. ವಿಂಡೋಸಿನ ವಿದ್ಯುತ್ ವ್ಯವಸ್ಥೆಯಲ್ಲಿ ಪ್ರೊಸೆಸರಿನ ಗರಿಷ್ಠ ಸ್ಥಿತಿಯನ್ನು 100ರಿಂದ 99ಕ್ಕೆ ಇಳಿಸಿದರೆ ಅನೇಕ ಯಂತ್ರಗಳಲ್ಲಿ ‘ಟರ್ಬೊ’ ಎಂಬ ನಾಗಾಲೋಟ ನಿಲ್ಲುತ್ತದೆ. ಪತ್ರ ಬರೆಯುವುದಕ್ಕೆ, ಪಾಠ ಕೇಳುವುದಕ್ಕೆ ಅದರ ಹಂಗಿಲ್ಲ.

ಒಂದು ಎಚ್ಚರಿಕೆಯ ಮಾತು. ಬೇಗ ತಂಪಾಗಲೆಂದು ಬಿಸಿಯಾದ ಲ್ಯಾಪ್‌ಟಾಪನ್ನು ಫ್ರಿಜ್ಜಿನೊಳಗಿಡುವ ಸಾಹಸಿಗಳಿದ್ದಾರೆ. ಹೊರತೆಗೆದ ಕೂಡಲೇ, ತಣ್ಣೀರಿನ ಲೋಟ ಬೆವರುವಂತೆ ಯಂತ್ರದೊಳಗೆಲ್ಲ ಹನಿ ಕಟ್ಟುತ್ತದೆ. ಏರ್‌ಕಂಡೀಷನ್ ಕಾರಿನಲ್ಲಿ ತಣ್ಣಗಾದ ಯಂತ್ರವನ್ನು ತೇವದ ಹವೆಗೆ ತಂದೊಡನೆಯೂ ಹಚ್ಚಬಾರದು. ಅರ್ಧ ಗಂಟೆಯಾದರೂ ಬಿಡಬೇಕು. ಮಳೆಗಾಲದಲ್ಲಿ ಯಂತ್ರವನ್ನು ತಿಂಗಳುಗಟ್ಟಲೆ ಮುಚ್ಚಿಡುವುದಕ್ಕಿಂತ ಆಗಾಗ ಸ್ವಲ್ಪ ಹೊತ್ತು ನಡೆಸುವುದು ಒಳ್ಳೆಯದು. ಅದರ ಬಿಸಿಯೇ ಅದರ ತೇವವನ್ನು ಆರಿಸುತ್ತದೆ. ಬಿಸಿಯೂ ಒಮ್ಮೊಮ್ಮೆ ಮಿತ್ರನೇ!

ಬ್ರಹ್ಮಾವರದ ಕೃಷಿ ಸಂಶೋಧನ ಕೇಂದ್ರವನ್ನು ನಮ್ಮ ರೈತರು ಬಲ್ಲರು. ಹವೆಯ ಗುಣವನ್ನು ಒಂದು ದಿನದ ಅಂಕಿಯಿಂದ ಯಾರೂ ತೀರ್ಮಾನಿಸುವುದಿಲ್ಲ. ದಿನದಿನದ ಲೆಕ್ಕವಿಟ್ಟರೆ ಮಾತ್ರ ಅದು ತಿಳಿಯುತ್ತದೆ. ಮನೆಯ ಗಣಕಕ್ಕೂ ಅಂತಹುದೇ ಒಂದು ಪುಟ್ಟ ಲೆಕ್ಕವಿರಲಿ. ತಿಂಗಳಿಗೊಮ್ಮೆ ಒಂದೇ ಬಗೆಯ ಕೆಲಸ ಕೊಟ್ಟು, ಕೋಣೆಯ ಉಷ್ಣ ಮತ್ತು ಪ್ರೊಸೆಸರಿನ ಉಷ್ಣ ಎರಡನ್ನೂ ಪುಸ್ತಕದಲ್ಲಿ ಬರೆದಿಡಿ. ಎರಡರ ನಡುವಣ ಅಂತರ ಬೆಳೆಯುತ್ತಿದ್ದರೆ ಧೂಳು ಕೂತಿತೆಂದೋ ಲೇಪ ಒಣಗಿತೆಂದೋ ಅರ್ಥ. ಅಂತರ ಹಾಗೆಯೇ ಇದ್ದು ಎರಡೂ ಏರಿದ್ದರೆ ಅದು ಬರಿಯ ಬೇಸಗೆ. ಈ ಕೆಲಸವನ್ನು ಮನೆಯ ಮಕ್ಕಳಿಗೇ ವಹಿಸಬಹುದು. ಕೋಟದಲ್ಲಿ ಹುಟ್ಟಿದ ಶಿವರಾಮ ಕಾರಂತರು ‘ವಿಜ್ಞಾನ ಪ್ರಪಂಚ’ದ ಸಂಪುಟಗಳನ್ನು ಕನ್ನಡಕ್ಕೆ ಕೊಟ್ಟ ನೆಲ ಇದು. ಅಳೆದು, ಬರೆದು, ಕಾರಣ ಹುಡುಕುವ ಅಭ್ಯಾಸ ಒಂದು ಗಣಕದ ನೆಪದಲ್ಲಿ ಮಕ್ಕಳಿಗೆ ಬಂದರೆ, ಯಂತ್ರದ ಆಯುಸ್ಸು ಬೆಳೆಯುವುದು ಸರಿಯೇ ಸರಿ. ಯಂತ್ರ ಹೋದ ಮೇಲೂ ಉಳಿಯುವ ಒಂದು ಗುಣ ಅವರ ಪಾಲಿಗೆ ದಕ್ಕುತ್ತದೆ.