ಮಳೆಯ ಕೊರತೆಯೂ ಬೆಳೆಯ ವಿಮೆಯೂ

ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ತಾಲ್ಲೋಕುಗಳಲ್ಲಿ ಒಕ್ಕಲುತನವು ಬಹುಮಟ್ಟಿಗೆ ಮಳೆಯನ್ನೇ ನಂಬಿರುವುದೆಂಬುದು ಸರ್ವರಿಗೂ ವಿದಿತವಾದ ಸಂಗತಿ. ಹಿರಿಯೂರಿನ ಬಳಿ ವೇದಾವತೀ ನದಿಗೆ ಕಟ್ಟಿರುವ ವಾಣೀವಿಲಾಸಸಾಗರವೇ ಇದಕ್ಕೆ ಸಾಕ್ಷಿಯಾಗಿದೆ. 1933ರಲ್ಲಿ ಕೋಡಿ ಹರಿದ ಆ ಜಲಾಶಯವು ಮತ್ತೊಮ್ಮೆ ಕೋಡಿ ಬೀಳಲು 2022ನೆಯ ಇಸವಿಯವರೆಗೆ, ಅಂದರೆ 89 ವರ್ಷಕಾಲ, ಕಾಯಬೇಕಾಯಿತು. ಅಷ್ಟು ದೊಡ್ಡ ಜಲಾಶಯದ ಸ್ಥಿತಿಯೇ ಹೀಗಿರಲು, ನಾಲ್ಕೆಕರೆ ಖುಷ್ಕಿಯಲ್ಲಿ ರಾಗಿಯನ್ನೋ ಶೇಂಗಾವನ್ನೋ ಬಿತ್ತಿದ ರೈತನ ಪಾಡನ್ನು ಬೇರೆಯಾಗಿ ಹೇಳಬೇಕಾದುದಿಲ್ಲ.

ಹಲವು ದೇಶಗಳಲ್ಲಿ ಧಾನ್ಯವನ್ನು ಕೊಂಡು ಆಹಾರಪದಾರ್ಥಗಳನ್ನು ತಯಾರಿಸುವ ದೊಡ್ಡ ಕಂಪೆನಿಗಳು ಒಂದು ದೇಶದಲ್ಲಿ ಬೆಳೆ ಕೆಟ್ಟರೆ ಮತ್ತೊಂದು ದೇಶದಿಂದ ತರಿಸಿಕೊಳ್ಳುವುವು. ಉಗ್ರಾಣ, ಯಂತ್ರ, ಹಡಗಿನ ಸರಕುಗಳಿಗೆ ವಿಮೆಯನ್ನು ಮಾಡಿಸಿರುವುವು. ಆ ವಿಮೆಯ ಕಂತನ್ನು ವ್ಯರ್ಥವೆಂದೆಣಿಸದೆ ಕೂಲಿ, ಬಾಡಿಗೆಗಳಂತೆ ವ್ಯಾಪಾರದ ಖರ್ಚಿನಲ್ಲಿಯೇ ಸೇರಿಸುವುವು. ರೈತನಾದರೋ ತನ್ನ ಬಂಡವಾಳವೆಲ್ಲವನ್ನೂ ಒಂದೇ ಮೋಡದ ಕೆಳಗೆ ಇಟ್ಟಿರುವನು.

ಈ ಕಷ್ಟಕ್ಕೆ ಪರಿಹಾರವನ್ನು ಮೊದಲು ಆಲೋಚಿಸಿದ ಕೀರ್ತಿಯು ಮೈಸೂರು ಸಂಸ್ಥಾನಕ್ಕೆ ಸಲ್ಲತಕ್ಕದ್ದು. ಸಂಸ್ಥಾನದ ಸೇವೆಯಲ್ಲಿದ್ದ ಜೆ. ಎಸ್. ಚಕ್ರವರ್ತಿಯವರು 1915ರಲ್ಲಿ ಮಳೆಯ ವಿಮೆಯ ಯೋಜನೆಯೊಂದನ್ನು ಮುಂದಿಟ್ಟು, 1920ರಲ್ಲಿ ಅದನ್ನು ಇಂಗ್ಲಿಷಿನಲ್ಲಿ ಪುಸ್ತಕರೂಪವಾಗಿ ಪ್ರಕಟಿಸಿದರು. ಒಬ್ಬೊಬ್ಬನ ಹೊಲದ ನಷ್ಟವನ್ನು ಬೇರೆ ಬೇರೆ ಅಳೆಯದೆ, ಒಂದು ಪ್ರದೇಶಕ್ಕೆ ಬಿದ್ದ ಮಳೆಯ ಕೊರತೆಯನ್ನೇ ಆಧಾರವಾಗಿಟ್ಟುಕೊಂಡು ಅಲ್ಲಿಯವರಿಗೆಲ್ಲ ಪರಿಹಾರ ಕೊಡಬೇಕೆಂಬುದು ಅದರ ತಿರುಳು. ಸೋಮಾರಿಯು ತನ್ನ ಆಲಸ್ಯಕ್ಕೆ ಹಣ ಪಡೆಯಲಾರನು. ಶ್ರಮಪಟ್ಟವನು ತನ್ನ ಶ್ರಮದ ಫಲವನ್ನು ಕಳೆದುಕೊಳ್ಳನು ಎಂಬುದೇ ಈ ಕ್ರಮದ ಹಿರಿಮೆ. ಆ ಯೋಜನೆಯು ಆಗ ಕಾರ್ಯರೂಪಕ್ಕೆ ಬರಲಿಲ್ಲ. ಆದರೆ ಪ್ರದೇಶವನ್ನೇ ಘಟಕವಾಗಿ ಎಣಿಸುವ ತತ್ವವನ್ನು 1979ರಿಂದೀಚೆಗೆ ಭಾರತದ ಬೆಳೆವಿಮೆಗಳು ಅನುಸರಿಸುತ್ತ ಬಂದಿವೆ. ಸರ್ಕಾರದ ಹವಾಮಾನಾಧಾರಿತ ಬೆಳೆವಿಮೆ ಯೋಜನೆಯ ಪ್ರಯೋಗವು 2007ರ ಮುಂಗಾರಿನಲ್ಲಿ ಕರ್ನಾಟಕದಲ್ಲಿಯೇ ಆರಂಭವಾಯಿತು.

2016ರಿಂದ ಜಾರಿಯಲ್ಲಿರುವ ಪ್ರಧಾನಮಂತ್ರಿ ಫಸಲ್ ಬಿಮಾ ಯೋಜನೆಯಲ್ಲಿ ಆಹಾರಧಾನ್ಯ ಹಾಗೂ ಎಣ್ಣೆಕಾಳುಗಳಿಗೆ ರೈತನು ವಿಮಾಮೊತ್ತದ ಮೇಲೆ ಮುಂಗಾರಿನಲ್ಲಿ ಹೆಚ್ಚೆಂದರೆ ನೂರಕ್ಕೆ 2, ಹಿಂಗಾರಿನಲ್ಲಿ ಒಂದೂವರೆ ರೂಪಾಯಿ ಕಟ್ಟತಕ್ಕದ್ದು; ವಾಣಿಜ್ಯ ಮತ್ತು ತೋಟಗಾರಿಕೆಯ ಬೆಳೆಗಳಿಗೆ ನೂರಕ್ಕೆ 5. ಮಿಕ್ಕ ಕಂತನ್ನು ಸರ್ಕಾರಗಳು ಭರಿಸುವುವು. ಪ್ರಮುಖ ಬೆಳೆಗಳಿಗೆ ಗ್ರಾಮ ಪಂಚಾಯಿತಿಯೂ ಇತರ ಬೆಳೆಗಳಿಗೆ ಹೋಬಳಿಯೂ ಘಟಕವಾಗಿವೆ. ಹಿಂದಿನ ಏಳು ವರ್ಷಗಳಲ್ಲಿ ಉತ್ತಮವಾದ ಐದರ ಸರಾಸರಿ ಇಳುವರಿಯಿಂದ ಹೊಸ್ತಿಲ ಇಳುವರಿಯನ್ನು ಗೊತ್ತುಮಾಡುವರು. ಉದಾಹರಣೆಗೆ, ಅದು 8 ಕ್ವಿಂಟಾಲಾಗಿದ್ದು ಆ ವರ್ಷದ ಇಳುವರಿ 6 ಕ್ವಿಂಟಾಲಾದರೆ ಕೊರತೆಯು ನಾಲ್ಕರಲ್ಲಿ ಒಂದು ಪಾಲು. 20,000 ರೂಪಾಯಿಗೆ ವಿಮೆ ಮಾಡಿಸಿ, ನೂರಕ್ಕೆ 2ರಂತೆ 400 ರೂಪಾಯಿ ಕಟ್ಟಿದವನಿಗೆ 5,000 ರೂಪಾಯಿ ಸಲ್ಲುವುದು. ಬೆಳೆ ಚೆನ್ನಾಗಿ ಬಂದರೆ ಕಂತು ಹಿಂದಿರುಗದು.

ಈ ಕ್ರಮದಲ್ಲಿ ಒಂದು ಕುಂದೂ ಉಂಟು. ಪಂಚಾಯಿತಿಯ ಉಳಿದ ಹೊಲಗಳೆಲ್ಲ ತಕ್ಕಮಟ್ಟಿಗೆ ಬೆಳೆದು ಒಬ್ಬನದು ಮಾತ್ರ ಮಳೆಯಿಲ್ಲದೆ ಒಣಗಿದರೆ ಅವನಿಗೆ ಪರಿಹಾರ ದೊರೆಯದು. ಇಡೀ ಊರಿನ ಭಾಗ್ಯವು ಕೆಲವೇ ತಾಕುಗಳ ಅಳತೆಯಲ್ಲಿ ಅಡಗಿರುವುದರಿಂದ ಗ್ರಾಮದ ಮುಖಂಡರ ಹೊಣೆಯು ದೊಡ್ಡದು. ಪ್ರಮುಖ ಬೆಳೆಯೊಂದಕ್ಕೆ ಪಂಚಾಯಿತಿಯಲ್ಲಿ ಕನಿಷ್ಠ ನಾಲ್ಕು ಬೆಳೆ ಕಟಾವು ಪ್ರಯೋಗಗಳು ನಡೆಯಬೇಕು. ಗೊತ್ತಾದ ತಾಕಿನ ಬದಲು ಬೇರೆ ತಾಕನ್ನು ಕೊಯ್ದರೂ, ತೂಕವನ್ನು ಅಂದಾಜಿನಿಂದ ಬರೆದರೂ ಕೆಡುವುದು ಇಡೀ ಪಂಚಾಯಿತಿಯ ಲೆಕ್ಕ. ಇಳುವರಿಯನ್ನು ಹೆಚ್ಚಿಸಿ ಬರೆದರೆ ನೊಂದವರಿಗೆ ಅನ್ಯಾಯ. ಕಡಿಮೆ ಬರೆದರೆ ಈ ವರ್ಷ ಲಾಭವೆಂದು ತೋರಿದರೂ ಆ ಸುಳ್ಳು ಅಂಕಿಯು ಮುಂದಿನ ಸರಾಸರಿಗೆ ಸೇರಿ ಹೊಸ್ತಿಲ ಇಳುವರಿಯನ್ನು ತಗ್ಗಿಸಬಹುದು. ಆದುದರಿಂದ ಕೊಯ್ಲಿನ ದಿನ ಮುಖಂಡರು ಖುದ್ದಾಗಿ ಹಾಜರಿದ್ದು ಅಳತೆಯನ್ನೂ ತೂಕವನ್ನೂ ನೋಡತಕ್ಕದ್ದು.

ಇನ್ನು ಭೂಮಾಲೀಕರು ಲಕ್ಷ್ಯದಲ್ಲಿಡಬೇಕಾದ ಸಂಗತಿಗಳು ಕೆಲವಿವೆ. ವಿಮೆಯ ಅರ್ಜಿಯಲ್ಲಿ ಹೇಳಿದ ಬೆಳೆಯೂ ಬೆಳೆ ಸಮೀಕ್ಷೆಯಲ್ಲಿ ದಾಖಲಾದ ಬೆಳೆಯೂ ಒಂದೇ ಆಗಿರಬೇಕು. ಮೆಕ್ಕೆಜೋಳವನ್ನು ಬಿತ್ತಿ ಶೇಂಗಾಕ್ಕೆ ಕಂತು ಕಟ್ಟಿದರೆ ಅರ್ಜಿಯು ತಿರಸ್ಕೃತವಾಗಬಹುದು. ಆಲಿಕಲ್ಲು, ನೆರೆಗಳಿಂದ ಒಂದೆರಡು ಹೊಲಗಳಿಗೇ ಹಾನಿಯಾದಲ್ಲಿ 72 ಗಂಟೆಗಳೊಳಗೆ ತಿಳಿಸಿದರೆ ಆ ಹೊಲಗಳನ್ನೇ ಪರಿಶೀಲಿಸುವ ಏರ್ಪಾಡಿದೆ. 2020ರಿಂದ ಸಾಲಗಾರ ರೈತರಿಗೂ ವಿಮೆಯು ಐಚ್ಛಿಕವಾಗಿದೆ. ಬೇಡವೆನ್ನುವವರು ಕೊನೆಯ ದಿನಕ್ಕೆ ಏಳು ದಿನ ಮುಂಚಿತವಾಗಿಯೇ ಬ್ಯಾಂಕಿಗೆ ಬರೆದುಕೊಡಬೇಕು. ಬೆಳೆಗೊಂದರಂತೆ ಕೊನೆಯ ದಿನವು ಬೇರೆಯಾಗುವುದರಿಂದ, ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ ಬಿತ್ತನೆಗೆ ಮೊದಲೇ ವಿಚಾರಿಸಿಕೊಳ್ಳುವುದು ಲೇಸು.

ವಿಮೆಯು ಮಳೆಯನ್ನು ತರಲಾರದು. ಬದು, ಕೃಷಿಹೊಂಡ, ಮಿಶ್ರಬೆಳೆಗಳ ಸ್ಥಾನವನ್ನೂ ತುಂಬಲಾರದು. ಆದರೆ ಮಳೆ ಕೈಕೊಟ್ಟ ವರ್ಷದಲ್ಲಿ ಎತ್ತುಗಳನ್ನು ಮಾರದೆ, ಬಡ್ಡಿಗೆ ಕೈಯೊಡ್ಡದೆ ಮುಂದಿನ ಬಿತ್ತನೆಗೆ ಬೀಜ ಕೊಳ್ಳುವಷ್ಟು ಆಸರೆಯನ್ನು ಕೊಡಬಲ್ಲುದು. ಆ ಆಸರೆಯು ಊರಿನ ಅಳತೆಯು ಎಷ್ಟು ಸತ್ಯವೋ ಅಷ್ಟೇ ಗಟ್ಟಿಯಾಗಿರುವುದು.